ಕೆಂಚಕ್ಕನ ಐದು ಬಾಗಿಲಿನ ಮನೆ

ಮಕ್ಕಳೇ, ಚಿಪ್ಪುಹಂದಿಯನ್ನು ನಿಮ್ಮಲ್ಲಿ ಹೆಚ್ಚಿನವರು ನೋಡಿರಲಿಕ್ಕಿಲ್ಲ. ಅದರ ಮೈಮೇಲೆ ಹೆಂಚು ಹೊದಿಸಿದಂತೆ ಚಿಪ್ಪು, ಮುಂಗಾಲಿನಲ್ಲಿ ಗುದ್ದಲಿಯಂಥ ಉಗುರು, ಬಾಯಲ್ಲಿ ಮಾತ್ರ ಒಂದು ಹಲ್ಲೂ ಇಲ್ಲ. ಯಾರಾದರೂ ಜೋರು ಮಾಡಿದರೆ ತಿರುಗಿಬೀಳುವುದು ಅದಕ್ಕೆ ಗೊತ್ತಿಲ್ಲ. ತಲೆಯನ್ನು ಹೊಟ್ಟೆಗೆ ಒತ್ತಿಕೊಂಡು, ಮೇಲೆ ಬಾಲ ಸುತ್ತಿಕೊಂಡು, ಉಂಡೆಯಾಗಿ ಬಿದ್ದುಕೊಳ್ಳುತ್ತದೆ.

ಕುರುಚಲು ಕಾಡಿನ ನಡುವೆ ಒಂದು ಕೆಮ್ಮಣ್ಣಿನ ದಿಣ್ಣೆ. ಆ ದಿಣ್ಣೆಯ ಮೇಲೆ ಅಂಥವನೇ ಒಬ್ಬ ಚಿಪ್ಪುಹಂದಿ ಹೆಂಡತಿಯ ಜೊತೆ ಇದ್ದ. ಹೆಸರು ಬೊಮ್ಮಣ್ಣ. ಬೇರೆಯವರಿಗೆ ಬಿಲ ತೋಡಿಕೊಡುವುದು ಅವನ ಕಸುಬು. ಮುಂಗುಸಿಗೆ ಬೇಕಾಗಲಿ, ಉಡಕ್ಕೆ ಬೇಕಾಗಲಿ, ಕಾಡಿನವರೆಲ್ಲ ಅವನಿಗೇ ಗುತ್ತಿಗೆ ಕೊಡುತ್ತಿದ್ದರು. ಕೂಲಿಯ ಬದಲು ಎಲ್ಲಾದರೂ ಒಂದು ಗೆದ್ದಲ ಹುತ್ತ ತೋರಿಸಿದರೆ ಅವನಿಗೆ ಸಾಕು.

ಕೆಲಸದಲ್ಲಿ ಅವನಿಗೆ ಯಾರೂ ಹೆಸರಿಡುವ ಹಾಗಿರಲಿಲ್ಲ. ಸ್ವಭಾವದಲ್ಲಿ ಮಾತ್ರ ಒಂದು ಕೊರತೆ ಇತ್ತು. ಎದುರಿಗಿದ್ದವರ ಮುಖ ಬಾಡುವುದನ್ನು ಅವನಿಂದ ನೋಡಲಾಗುತ್ತಿರಲಿಲ್ಲ. ಹಾಗಾಗಿ ಏನು ಕೇಳಿದರೂ "ಆಗಲಿ" ಅಂದುಬಿಡುತ್ತಿದ್ದ. "ಆಗಲ್ಲ" ಎನ್ನುವ ಮಾತು ಅವನ ಬಾಯಿಗೆ ಬರುತ್ತಲೇ ಇರಲಿಲ್ಲ.

ಬೇಸಿಗೆ ಮುಗಿಯುತ್ತ ಬಂದಾಗ ಹಳ್ಳದ ಆಚೆಯಿಂದ ಒಬ್ಬ ಮುಳ್ಳುಹಂದಿ ನಡೆದು ಬಂದಳು. ಅವಳ ಹೆಸರು ಕೆಂಚಕ್ಕ. ತುಂಬಿದ ಬಸುರಿ. ಜೊತೆಯಲ್ಲಿ ಯಾರೂ ಇರಲಿಲ್ಲ.

"ಬಿಲ ತೋಡುವ ಬೊಮ್ಮಣ್ಣ ನೀನೇನಾ?" ಎಂದು ಕೇಳಿದಳು.

"ಹೌದಕ್ಕ. ಬನ್ನಿ, ನೆರಳಿಗೆ ಕೂತುಕೊಳ್ಳಿ."

"ಕೂರುವುದಕ್ಕೆ ಬಂದಿಲ್ಲ. ಮಳೆ ಹಿಡಿಯುವುದಕ್ಕೆ ಮುಂಚೆ ನನಗೊಂದು ಮನೆ ಬೇಕು. ಮರಿಗಳು ಬರುವ ಹೊತ್ತಾಯಿತು."

ಬೊಮ್ಮಣ್ಣ ದಿಣ್ಣೆಯ ಮೇಲೆಲ್ಲ ಓಡಾಡಿದ. ಅಲ್ಲಲ್ಲಿ ಉಗುರು ಊರಿ ಮಣ್ಣು ಕೆದಕಿ ನೋಡಿದ. ಒಂದು ದೊಡ್ಡ ಕಮರದ ಮರದ ಪಕ್ಕ ನಿಂತು ಹೇಳಿದ, "ಈ ಜಾಗ ಗಟ್ಟಿಯಾಗಿದೆ ಅಕ್ಕ. ಇಲ್ಲೊಂದು ಬಾಗಿಲು, ಒಳಗೆ ಬಾಗಿ ಹೋಗುವ ದಾರಿ, ಕೊನೆಗೆ ಒಂದು ಕೋಣೆ. ಎಂಥ ಮಳೆ ಬಂದರೂ ಅಲ್ಲಾಡುವುದಿಲ್ಲ."

"ಹಾಗೇ ಮಾಡು" ಅಂದಳು ಕೆಂಚಕ್ಕ. ಬೊಮ್ಮಣ್ಣ ಅಂದೇ ಕೆಲಸ ಶುರು ಮಾಡಿದ.

ಬಾಗಿಲು ಮುಗಿದು ದಾರಿ ಅರ್ಧ ಆಗಿತ್ತು. ಆಗ ಗೌಜಲ ಹಕ್ಕಿ ತಿಪ್ಪವ್ವ ಆ ಕಡೆ ಬಂದಳು. ತಿಪ್ಪವ್ವ ಒಳ್ಳೆಯವಳೇ. ಯಾರ ಮನೆ ಕೆಲಸ ನಡೆದರೂ ನಿಂತು ಒಂದು ಮಾತು ಹೇಳದೆ ಹೋದರೆ ಅವಳಿಗೆ ಸಮಾಧಾನ ಇರುತ್ತಿರಲಿಲ್ಲ, ಅಷ್ಟೆ. ಅವಳು ಹುಟ್ಟಿದಾಗಿನಿಂದ ಪೊದೆಯ ಕೆಳಗೆ ಮಲಗಿದವಳು. ಬಿಲದ ಒಳಗೆ ಒಮ್ಮೆಯೂ ಕಾಲಿಟ್ಟಿರಲಿಲ್ಲ.

"ಬಾಗಿಲು ಪಡುವಣಕ್ಕೆ ಇಟ್ಟಿದ್ದೀಯಲ್ಲ ಕೆಂಚಕ್ಕ" ಅಂದಳು. "ಮೂಡಣಕ್ಕಿದ್ದರೆ ಎಳೆಬಿಸಿಲು ಬರುತ್ತಿತ್ತು. ಬಾಣಂತಿಗೂ ಒಳ್ಳೆಯದು, ಮರಿಗಳಿಗೂ ಒಳ್ಳೆಯದು."

ಅವಳು ಹೋದ ಮೇಲೆ ಕೆಂಚಕ್ಕ ಬಿಲದೊಳಗೆ ಮೂತಿ ತೂರಿಸಿದಳು. "ಬೊಮ್ಮಣ್ಣ, ಮೂಡಣಕ್ಕೆ ಒಂದು ಬಾಗಿಲು ಬೇಕು."

"ಆಗಲಿ ಅಕ್ಕ. ಹಾಗಾದರೆ ಇದನ್ನು ಮುಚ್ಚಿಬಿಡಲಾ?"

"ಮುಚ್ಚಬೇಡ. ಎರಡೂ ಇರಲಿ."

ಎರಡನೆಯದು ಮುಗಿಯುವಷ್ಟರಲ್ಲಿ ಮೂರನೆಯದು ಬೇಕಾಯಿತು. ಅದು ಹಳ್ಳದ ಕಡೆಗೆ. ಆಮೇಲೆ ಮರದ ಬುಡದ ಹತ್ತಿರ ಇನ್ನೊಂದು. ಅದಕ್ಕಾಗಿ ಬೊಮ್ಮಣ್ಣ ಒಂದು ದಪ್ಪ ಬೇರನ್ನು ಕತ್ತರಿಸಬೇಕಾಯಿತು. ಬೇರು ತುಂಡಾದಾಗ ಮೇಲಿನ ಮಣ್ಣು ಅವನ ತಲೆಯ ಮೇಲೆ ಪುರುಪುರು ಉದುರಿತು. ಆ ಮಣ್ಣನ್ನು ಹಿಡಿದು ನಿಲ್ಲಿಸಿದ್ದು ಅದೇ ಬೇರು ಎಂಬುದು ಅವನಿಗೆ ಗೊತ್ತಿತ್ತು.

ಅಷ್ಟರಲ್ಲಿ ಕೆಂಚಕ್ಕ ಕೋಣೆಯೊಳಗೆ ಬಂದು ನಿಂತು ನೋಡಿದಳು. "ಚಾವಣಿ ತಗ್ಗಾಯಿತು. ಮುಳ್ಳು ಎತ್ತಿದರೆ ತಾಗುತ್ತದೆ. ಇನ್ನೂ ಎತ್ತರ ಮಾಡು."

ಚಾವಣಿಯನ್ನು ಇನ್ನೂ ಕೆರೆದರೆ ಮೇಲೆ ಉಳಿಯುವುದು ತೆಳುವಾದ ಮಣ್ಣು. ಬೊಮ್ಮಣ್ಣ ಧೈರ್ಯ ಮಾಡಿದ.

"ಅಕ್ಕ, ಒಂದು ಮಾತು..."

"ಏನು ಮಾತು?" ಕೆಂಚಕ್ಕ ತಿರುಗಿದಳು. ಅವಳ ಬೆನ್ನಿನ ಮುಳ್ಳುಗಳೆಲ್ಲ ಗಲಗಲ ಸದ್ದು ಮಾಡುತ್ತ ಎದ್ದು ನಿಂತವು.

ಬೊಮ್ಮಣ್ಣನಿಗೆ ತಾನು ಯಾವಾಗ ಉಂಡೆಯಾದೆ ಎಂಬುದೇ ತಿಳಿಯಲಿಲ್ಲ. ಉಂಡೆಯ ಒಳಗಿನಿಂದ ಸಣ್ಣ ದನಿ ಬಂತು. "ಏನಿಲ್ಲ ಅಕ್ಕ. ಆಗಲಿ, ಎತ್ತರ ಮಾಡುತ್ತೇನೆ."

ಅಂದು ಮನೆಗೆ ಬಂದಾಗ ಹೆಂಡತಿ ದ್ಯಾವಮ್ಮ ಅವನ ಮುಖ ನೋಡಿಯೇ ಕೇಳಿದಳು, "ಯಾಕೆ, ಕೆಲಸ ಕೆಟ್ಟಿತಾ?"

"ಕೆಲಸ ಚೆನ್ನಾಗಿಯೇ ಮಾಡಿದ್ದೇನೆ. ಆದರೆ ಆ ಚಾವಣಿ ಮಳೆಗೆ ನಿಲ್ಲಲಿಕ್ಕಿಲ್ಲ."

"ಅವಳಿಗೆ ಹೇಳಿದಿರಾ?"

"ಹೇಳೋಣ ಅಂತ ಬಾಯಿ ತೆಗೆದೆ. ಅವಳು ಮುಳ್ಳು ಎತ್ತಿದಳು."

"ಮುಳ್ಳು ನಿಮ್ಮ ಚಿಪ್ಪಿಗೆ ಏನು ಮಾಡುತ್ತದೆ?"

ಮುಳ್ಳಿನ ಹೆದರಿಕೆ ಬೊಮ್ಮಣ್ಣನಿಗಿರಲಿಲ್ಲ. ಕೆಂಚಕ್ಕ ತನ್ನ ಮೇಲೆ ಬೇಸರ ಮಾಡಿಕೊಳ್ಳುತ್ತಾಳಲ್ಲ ಎಂಬುದೇ ಅವನನ್ನು ಹೆದರಿಸುತ್ತಿತ್ತು.

ಮಾರನೆಯ ದಿನ ಅವಳು ಐದನೆಯ ಬಾಗಿಲು ಕೇಳಿದಳು. ಅದಕ್ಕೂ ಅವನು ಆಗಲಿ ಅಂದ.

ಮನೆ ಮುಗಿಯಿತು. ಕೆಂಚಕ್ಕ ಒಂದು ಬಾಗಿಲಿನಿಂದ ಒಳಗೆ ಹೋಗಿ ಇನ್ನೊಂದರಿಂದ ಹೊರಗೆ ಬಂದಳು. ಐದನ್ನೂ ಹಾಗೆಯೇ ಪರೀಕ್ಷೆ ಮಾಡಿದಳು. ಅವಳ ಮುಖ ಅರಳಿದ್ದನ್ನು ಬೊಮ್ಮಣ್ಣ ಅದೇ ಮೊದಲು ನೋಡಿದ್ದು.

"ಚೆನ್ನಾಗಿದೆ. ಇನ್ನು ನಿಶ್ಚಿಂತೆಯಿಂದ ನಿದ್ದೆ ಮಾಡುತ್ತೇನೆ" ಅಂದಳು. ಅವನಿಗೊಂದು ತುಂಬಿದ ಹುತ್ತ ತೋರಿಸಿದಳು. ಅವನು ಆ ಗೆದ್ದಲನ್ನು ಮುಟ್ಟದೆ ಮನೆಗೆ ಹೋದ.

ಒಂದು ಮಧ್ಯಾಹ್ನ ಮೋಡ ಕಟ್ಟಿತು. ಮೊದಲು ಗಾಳಿ, ಹಿಂದೆಯೇ ಮಳೆ. ಬೊಮ್ಮಣ್ಣ ತನ್ನ ಬಿಲದ ಬಾಯಲ್ಲಿ ನಿಂತು ಸ್ವಲ್ಪ ಹೊತ್ತು ಅದನ್ನೇ ನೋಡಿದ. ಆಮೇಲೆ ಮಳೆಯಲ್ಲೇ ಕೆಂಚಕ್ಕನ ಮನೆಯತ್ತ ಓಡಿದ. ದ್ಯಾವಮ್ಮನೂ ಅವನ ಹಿಂದೆ ಓಡಿದಳು.

ಕಮರದ ಮರದ ಪಕ್ಕ ಮನೆ ಇರಲಿಲ್ಲ. ಅಲ್ಲೊಂದು ಕೆಸರಿನ ಗುಂಡಿ ಇತ್ತು. ಐದು ಬಾಗಿಲುಗಳಿಂದಲೂ ನೀರು ಒಳಗೆ ಹರಿದಿತ್ತು. ಚಾವಣಿ ಪೂರ್ತಿ ಕುಸಿದು ಬಿದ್ದಿತ್ತು.

ಬೊಮ್ಮಣ್ಣ ಅಷ್ಟು ಬೇಗ ಹಿಂದೆಂದೂ ಮಣ್ಣು ತೋಡಿರಲಿಲ್ಲ. ಅವನು ತೋಡಿದ, ದ್ಯಾವಮ್ಮ ಕೆಸರನ್ನು ಹಿಂದಕ್ಕೆ ತಳ್ಳಿದಳು. ತೋಡಿದಷ್ಟೂ ಕೆಸರು ಜಾರಿ ಬಂದು ತುಂಬಿಕೊಳ್ಳುತ್ತಿತ್ತು. ಕೊನೆಗೆ ಅವನ ಉಗುರಿಗೆ ಮುಳ್ಳು ತಾಗಿತು. ಇಬ್ಬರೂ ಸೇರಿ ಕೆಂಚಕ್ಕನನ್ನು ಎಳೆದು ಹೊರಗೆ ತಂದರು. ಅವಳು ಕೆಮ್ಮಿದಳು, ಉಸಿರೆಳೆದಳು, ಹೊಟ್ಟೆ ಮುಟ್ಟಿ ನೋಡಿಕೊಂಡಳು. ಹೊಟ್ಟೆಯೊಳಗೆ ಮರಿಗಳು ಮಿಸುಕುತ್ತಿದ್ದವು.

ಮೂವರೂ ಮರದ ಕೆಳಗೆ ಕೂತರು. ಕೆಂಚಕ್ಕ ಕೇಳಿದಳು, "ಇದು ಬೀಳುತ್ತದೆ ಅಂತ ನಿನಗೆ ಮೊದಲೇ ಗೊತ್ತಿತ್ತಾ?"

"ಗೊತ್ತಿತ್ತು ಅಕ್ಕ."

"ಗೊತ್ತಿದ್ದೂ ಆಗಲಿ ಅಂದೆಯಾ? ನನಗೆ ಮಣ್ಣಿನ ವಿಚಾರ ಏನು ಗೊತ್ತು? ಬೊಮ್ಮಣ್ಣ ಆಗಲಿ ಅಂದರೆ ಆಗುತ್ತದೆ ಅಂತ ನಂಬಿ ಕೇಳುತ್ತ ಹೋದೆ." ಅವಳು ಕೂಗಲಿಲ್ಲ. ಮುಳ್ಳನ್ನೂ ಎತ್ತಲಿಲ್ಲ. ಅವಳ ಕಣ್ಣಿಂದ ನೀರು ಇಳಿಯಿತು.

ಬೊಮ್ಮಣ್ಣನ ತಲೆ ಹೊಟ್ಟೆಯ ಕಡೆಗೆ ಬಾಗತೊಡಗಿತು. ಬಾಲ ಸುತ್ತಿಕೊಳ್ಳಲು ಬಂತು. ಅವನು ಉಗುರುಗಳನ್ನು ನೆಲಕ್ಕೆ ಊರಿ ಉಂಡೆಯಾಗದೆ ಕೂತ. "ತಪ್ಪು ನನ್ನದು ಅಕ್ಕ" ಅಂದ. "ನಿಮಗೆ ಬೇಸರ ಆಗಬಾರದು ಅಂತ ಸುಮ್ಮನಿದ್ದೆ."

ಕೆಂಚಕ್ಕ ಕಣ್ಣೊರೆಸಿಕೊಂಡಳು. ಅವನು ಕೇಳಿದ, "ಅಷ್ಟೊಂದು ಬಾಗಿಲು ನಿಮಗೆ ಯಾಕೆ ಬೇಕಾಗಿತ್ತು? ಆಗಲೇ ಕೇಳಬೇಕಿತ್ತು, ಕೇಳಲಿಲ್ಲ."

ಕೆಂಚಕ್ಕ ಮಳೆಯನ್ನೇ ನೋಡುತ್ತ ಹೇಳಿದಳು, "ಹಳ್ಳದ ಆಚೆಯ ನಮ್ಮ ಮನೆಗೆ ಒಂದೇ ಬಾಗಿಲಿತ್ತು. ಒಂದು ದಿನ ಬಾಗಿಲಿಗೆ ಚಿರತೆ ಬಂತು. ನೀನು ಇಲ್ಲೇ ಇರು ಅಂತ ನಮ್ಮ ಯಜಮಾನರು ನನ್ನನ್ನು ಒಳಗೆ ಬಿಟ್ಟು ಮುಂದೆ ಹೋದರು. ಮತ್ತೆ ಬರಲಿಲ್ಲ. ಆಮೇಲೆ ಎಲ್ಲಿ ಮಲಗಿದರೂ, ಓಡಿಹೋಗಲು ಇನ್ನೊಂದು ದಾರಿ ಇದೆಯಾ ಅಂತಲೇ ನೋಡುತ್ತೇನೆ. ಒಂದಿದ್ದರೆ ಸಾಲದು ಅನ್ನಿಸುತ್ತದೆ. ಎರಡಿದ್ದರೂ ಸಾಲದು ಅನ್ನಿಸುತ್ತದೆ."

ದ್ಯಾವಮ್ಮ ಅವಳ ಪಕ್ಕಕ್ಕೆ ಸರಿದು ಕೂತಳು. ಮುಳ್ಳು ಚುಚ್ಚದ ಹಾಗೆ, ಆದಷ್ಟು ಹತ್ತಿರ.

ಬೊಮ್ಮಣ್ಣನಿಗೆ ಈಗ ಅರ್ಥವಾಯಿತು. ಇವಳಿಗೆ ಬೇಕಾಗಿದ್ದದ್ದು ಧೈರ್ಯ. ಅವನು ಬಾಗಿಲನ್ನಷ್ಟೇ ತೋಡಿಕೊಡುತ್ತ ಹೋಗಿದ್ದ.

ಮಳೆ ಬಿಟ್ಟ ಮೇಲೆ ಅವನು ದಿಣ್ಣೆಯ ಮೇಲ್ಭಾಗದಲ್ಲಿ ಒಂದು ಬಂಡೆಯ ಪಕ್ಕ ನಿಂತ. "ಇಲ್ಲಿ ಮಾಡೋಣ ಅಕ್ಕ. ನೀರು ಇತ್ತ ಬರುವುದಿಲ್ಲ. ಎರಡು ದಾರಿ ಇರುತ್ತವೆ. ಒಂದು ಮುಂದೆ, ಇನ್ನೊಂದು ಬಂಡೆಯ ಹಿಂದೆ, ಕಳ್ಳಿಯ ಸಂದಿಯಲ್ಲಿ. ಹೊರಗಿನವರಿಗೆ ಕಾಣಿಸುವುದೇ ಇಲ್ಲ."

"ಮೂರು ಮಾಡು" ಅಂದಳು ಕೆಂಚಕ್ಕ.

"ಆಗಲ್ಲ ಅಕ್ಕ."

ಗಲಗಲ ಅಂತ ಅವಳ ಮುಳ್ಳುಗಳು ಎದ್ದವು. ಬೊಮ್ಮಣ್ಣ ಈ ಸಲ ಉಂಡೆಯಾಗದೆ ನೆಟ್ಟಗೆ ನಿಂತೇ ಇದ್ದ.

"ಯಾಕಾಗಲ್ಲ?" ಎಂದಳು ಅವಳು.

"ಮೂರನೆಯದು ತೋಡಿದರೆ ಚಾವಣಿ ಸಡಿಲವಾಗುತ್ತದೆ. ಇನ್ನೊಂದು ಮಾತು ಕೇಳಿ. ದಾರಿಯನ್ನು ನಿಮ್ಮ ಮೈ ಅಗಲಕ್ಕೆ ಸರಿಯಾಗಿ ಮಾಡುತ್ತೇನೆ. ಯಾರಾದರೂ ಬಂದರೆ ನೀವು ಬೆನ್ನು ತಿರುಗಿಸಿ ನಿಂತುಬಿಡಿ. ದಾರಿಯ ತುಂಬ ಮುಳ್ಳೇ ಇರುತ್ತದೆ. ಯಾವ ಚಿರತೆ ಅದಕ್ಕೆ ಮೂತಿ ಕೊಡುತ್ತದೆ? ನೀವು ನಿಂತಿರುವಷ್ಟರಲ್ಲಿ ಮರಿಗಳು ಹಿಂದಿನ ದಾರಿಯಿಂದ ಹೋಗಬಹುದು."

ಕೆಂಚಕ್ಕ ಯೋಚಿಸಿದಳು. ಮುಳ್ಳುಗಳು ಒಂದೊಂದಾಗಿ ಕೆಳಗಿಳಿದವು. "ಇದನ್ನು ಮೊದಲೇ ಯಾಕೆ ಹೇಳಲಿಲ್ಲ?" ಅಂದಳು. ಆ ಮಾತಿನಲ್ಲಿ ಸಿಟ್ಟಿರಲಿಲ್ಲ. ಒಂಟಿಯಾಗಿ ಹೊತ್ತುಕೊಂಡಿದ್ದ ಭಾರಕ್ಕೆ ಇನ್ನೊಬ್ಬರು ಹೆಗಲು ಕೊಟ್ಟಂತೆ ಅವಳಿಗೆ ಅನ್ನಿಸಿತ್ತು.

ಆ ಮನೆ ಮುಗಿದ ವಾರದಲ್ಲೇ ಎರಡು ಮರಿಗಳಾದವು. ಮಳೆ ಬಿಡದೆ ಹಿಡಿಯಿತು. ಹಳ್ಳ ತುಂಬಿ ಹರಿಯಿತು. ಬಂಡೆ ಪಕ್ಕದ ಮನೆಯೊಳಗೆ ಒಂದು ಹನಿಯೂ ಇಳಿಯಲಿಲ್ಲ. ಮರಿಗಳು ಒಣಗಿದ ಹುಲ್ಲಿನ ಮೇಲೆ ಬೆಚ್ಚಗೆ ಮಲಗಿದ್ದವು. ದ್ಯಾವಮ್ಮ ದಿನಾ ಹೋಗಿ ನೋಡಿಕೊಂಡು ಬರುತ್ತಿದ್ದಳು.

ಮಳೆಗಾಲ ಕಳೆದ ಮೇಲೆ ಕಾಡಿಗೆ ಹೊಸಬಳಾದ ಒಬ್ಬ ಕಾಡುಬೆಕ್ಕು ಮನೆ ಹುಡುಕುತ್ತ ಕೆಂಚಕ್ಕನ ಬಾಗಿಲಿಗೆ ಬಂದು ಕೇಳಿದಳು, "ನಿಮ್ಮ ಮನೆ ತೋಡಿದವನು ಹೇಗೆ? ನಾನು ಸ್ವಲ್ಪ ಜಾಸ್ತಿ ಕೇಳುವವಳು. ನನ್ನ ಜೊತೆ ಅವನು ಹೊಂದಿಕೊಳ್ಳುತ್ತಾನಾ?"

ಕೆಂಚಕ್ಕ ನಕ್ಕಳು. "ಬೊಮ್ಮಣ್ಣನ ಹತ್ತಿರ ಏನು ಬೇಕಾದರೂ ಕೇಳು. ಆದರೆ ಅವನು ಆಗಲ್ಲ ಅಂದರೆ ಜಗಳ ಆಡಬೇಡ, ಯಾಕೆ ಅಂತ ಕೇಳು. ಅವನು ಹೇಳುವುದನ್ನು ಕೂತು ಕೇಳಿಸಿಕೋ. ನನ್ನ ಮರಿಗಳು ಒಳಗೆ ಮಲಗಿವೆ ನೋಡು, ಅವನು ಆಗಲ್ಲ ಅಂದಿದ್ದಕ್ಕೇ ಇಷ್ಟು ನೆಮ್ಮದಿಯಾಗಿ ಮಲಗಿವೆ."

ನೀತಿ: ಎದುರಿನವರ ಮುಖ ಬಾಡಬಾರದೆಂದು ಆಗದ ಕೆಲಸಕ್ಕೆ ತಲೆಯಾಡಿಸಿದರೆ ಅವರಿಗೇ ಕೇಡು; ಅವರ ಮನಸ್ಸಿನಲ್ಲಿರುವುದನ್ನು ಕೇಳಿ ತಿಳಿದು, ಆಗದ್ದನ್ನು ಆಗದು ಎಂದು ಮೊದಲೇ ಪ್ರೀತಿಯಿಂದ ಹೇಳಬೇಕು.