ಖಾಲಿ ತಟ್ಟೆ ತರಬೇಡ, ಚಿಕ್ಕೀರ

ಒಬ್ಬಳು ತಾಯಿ, ಅವಳಿಗೊಬ್ಬ ಮಗ. ತಾಯಿ ದ್ಯಾವಮ್ಮ, ಮಗ ಚಿಕ್ಕೀರ. ಮಗನಿಗೆ ಮೀಸೆ ಬಂದಿತ್ತು. ಬುದ್ಧಿ ಇನ್ನೂ ದಾರಿಯಲ್ಲಿತ್ತು.

ಚಿಕ್ಕೀರ ಕೆಟ್ಟವನಲ್ಲ. ಸೋಮಾರಿಯೂ ಅಲ್ಲ. ಹೇಳಿದ್ದನ್ನು ಹೇಳಿದಂತೆ ಮಾಡುವವನು. ತಾಯಿಯ ಕಷ್ಟವೇ ಅದು.

ದ್ಯಾವಮ್ಮನ ಕೈಯಲ್ಲಿ ಒಂದು ಕಸುಬಿತ್ತು. ಜನ ಬಿಸಾಡಿದ್ದರಲ್ಲಿ ಚೆಂದ ತೆಗೆಯುವಳು. ಹರಿದ ಸೀರೆಯಲ್ಲಿ ಬಾಗಿಲಿನ ತೋರಣ. ಸೋಡಾ ಬಾಟಲಿಯ ಮುಚ್ಚಳದಲ್ಲಿ ಹೂವು. ಹಳೇ ಲಗ್ನಪತ್ರಿಕೆಯಲ್ಲಿ ಗಿಳಿ. ಚಿಕ್ಕೀರ ಎದುರಿಗೆ ಕೂತು ಬಾಯಿ ಬಿಟ್ಟುಕೊಂಡು ನೋಡುವನು.

"ಇದು ಏನಾಗುತ್ತೆ ಅವ್ವ?"

"ನೋಡ್ತಿರು."

ನೋಡುತ್ತಾ ನೋಡುತ್ತಾ ಅದು ಹೂವಾಗುವುದು.

"ಮುಚ್ಚಳ ಆಗಿದ್ದಾಗ ಇದಕ್ಕೆ ಗೊತ್ತಿತ್ತಾ ಅವ್ವ, ಮುಂದೆ ಹೂವಾಗ್ತೀನಿ ಅಂತ?"

"ನೀನು ಹುಟ್ಟಿದಾಗ ನನಗೆ ಗೊತ್ತಿತ್ತೇನಪ್ಪ, ಹಿಂಗಾಗ್ತೀಯ ಅಂತ?"

ಚಿಕ್ಕೀರ ಅದನ್ನೂ ಯೋಚಿಸುವನು.

ಈ ಕಸುಬಿನಿಂದಲೇ ಅಕ್ಕತಂಗಿಗೆ ಮಾತು ಬಿಟ್ಟಿತ್ತು. ದ್ಯಾವಮ್ಮನ ಅಕ್ಕ ಲಕ್ಕಮ್ಮ ಕೆಳಗಿನ ಬೀದಿಯಲ್ಲಿದ್ದಳು. ಅವಳ ಮಗಳು ಚೆಲುವಿಯ ಮದುವೆಗೆ ದ್ಯಾವಮ್ಮ ಒಂದು ತೋರಣ ಮಾಡಿಕೊಂಡು ಹೋದಳು. ಲಕ್ಕಮ್ಮನಿಗೆ ಬೀಗರ ಮುಂದೆ ನಾಚಿಕೆಯಾಯಿತು. "ತಿಪ್ಪೆಯಿಂದ ಆರಿಸಿದ್ದನ್ನ ನನ್ನ ಬಾಗಿಲಿಗೆ ಕಟ್ತೀಯೇನೇ?" ಅಂದಳು. ದ್ಯಾವಮ್ಮನೂ ಸುಮ್ಮನಿರಲಿಲ್ಲ. ಮಾತಿಗೆ ಮಾತು ಬೆಳೆಯಿತು. "ಇನ್ನು ನಿನ್ನ ಹೊಸ್ತಿಲು ತುಳಿದರೆ ಕೇಳು" ಅಂದಳು ಅಕ್ಕ. ತುಳಿಯಲೂ ಇಲ್ಲ.

ಈಗ ಚೆಲುವಿಗೆ ಸೀಮಂತ. ಊರಿಗೆಲ್ಲ ಕರೆ ಬಂತು, ದ್ಯಾವಮ್ಮನಿಗೆ ಬರಲಿಲ್ಲ. ಚೆಲುವಿಯೋ, ದ್ಯಾವಮ್ಮನೇ ಸೊಂಟದ ಮೇಲೆ ಹೊತ್ತು ಬೆಳೆಸಿದ ಹುಡುಗಿ.

"ಇನ್ನೊಂದು ತೋರಣ ಮಾಡ್ತೀನಿ ಕಣೋ ಚಿಕ್ಕೀರ. ನಿನ್ನ ಕೈಲಿ ಕಳಿಸ್ತೀನಿ. ಅಕ್ಕ ಇಟ್ಟುಕೊಂಡರೆ ನಂಟು ಉಂಟು. ವಾಪಸ್ ಕಳಿಸಿದರೆ ಇಲ್ಲಿಗೆ ಮುಗೀತು."

ತೋರಣಕ್ಕೆ ಮೊದಲು ಬಟ್ಟೆ ಬೇಕು.

"ಹೋಗಿ ಒಂದು ಹಳೇ ಸೀರೆ ತಾ."

"ಹಳೇದು ಅಂತ ಹೆಂಗೆ ಗೊತ್ತಾಗುತ್ತೆ ಅವ್ವ?"

"ಬಣ್ಣ ಮಾಸಿರುತ್ತೆ, ಮುಟ್ಟಿದರೆ ಮೆತ್ತಗಿರುತ್ತೆ. ಅಂಚು ಮಾತ್ರ ಗಟ್ಟಿಯಾಗಿರೋದು ನೋಡು."

ಹೇಳಿದ ಮಾತು ಮೀರುವವನಲ್ಲ ಚಿಕ್ಕೀರ. ಬೀದಿಯಲ್ಲಿ ಮುಟ್ಟಿ ಮುಟ್ಟಿ ನೋಡುತ್ತಾ ಹೋದ. ಪಕ್ಕದ ಮನೆ ಪಾರ್ವತಕ್ಕನ ಹಿತ್ತಲಲ್ಲಿ ಹಗ್ಗದ ಮೇಲೆ ಒಂದು ಸೀರೆ ಸಿಕ್ಕಿತು. ಬಣ್ಣ ಮಾಸಿತ್ತು, ಮೆತ್ತಗಿತ್ತು, ಅಂಚು ಗಟ್ಟಿಯಾಗಿತ್ತು. ಎಳೆದುಕೊಂಡು ಬಂದ. ಅವನ ಹಿಂದೆಯೇ ಪಾರ್ವತಕ್ಕ ಬಂದಳು.

"ಏನು ದ್ಯಾವಮ್ಮ, ನಾನು ಉಡೋ ಸೀರೆ ಕಣವ್ವ ಅದು. ಇನ್ನು ಮೈಮೇಲಿರೋದನ್ನೂ ಬಿಚ್ಚಿಸ್ತಾನೋ ನಿನ್ನ ಮಗ?"

ದ್ಯಾವಮ್ಮ ಸೀರೆ ಮಡಿಸಿ ಕೊಟ್ಟು, ತಪ್ಪಾಯಿತು ಅಂತ ಕೈ ಮುಗಿದು, ಮಗನ ಕಡೆ ತಿರುಗಿದಳು.

"ಕೇಳಿ ತಗೋಬೇಕು ಕಣೋ, ಪೆದ್ದ ಮುಂಡೇದೆ. ಯಾರದೋ ಅವರನ್ನ ಕೇಳು. ಅವರು ಹೂಂ ಅಂದ ಮೇಲೇ ಕೈ ಹಾಕು."

"ಹಂಗೇ ಆಗಲಿ ಅವ್ವ."

ಬೇರೆ ಸೀರೆ ಎಲ್ಲೂ ಸಿಗಲಿಲ್ಲ. ದ್ಯಾವಮ್ಮ ಪೆಟ್ಟಿಗೆ ತೆಗೆದಳು. ತನ್ನ ಧಾರೆ ಸೀರೆ ಹೊರಗೆ ತೆಗೆದು, ಕಿಟಕಿಯ ಬೆಳಕಿಗೆ ಹಿಡಿದು ನೋಡಿದಳು. ಆಮೇಲೆ ಅದರ ಅಂಚು ಬಿಚ್ಚಿದಳು.

"ಇದು ಏನಾಗುತ್ತೆ ಅವ್ವ?"

ದ್ಯಾವಮ್ಮ ಅಂಚು ಮಡಿಸಿ ಪಕ್ಕಕ್ಕಿಟ್ಟಳು. "ಸೋಡಾ ಅಂಗಡಿ ಹಿಂದೆ ಮುಚ್ಚಳ ಬಿದ್ದಿರುತ್ತವೆ, ತಾ ಹೋಗು" ಅಂದಳು.

ಅಂಗಡಿಯ ಹಿಂದೆ ತಿಪ್ಪೆ. ತಿಪ್ಪೆಯ ತುಂಬ ಮುಚ್ಚಳ. ಮೇಲೆ ಒಂದು ಕಂದು ನಾಯಿ ಮಲಗಿತ್ತು. ಈ ಮುಚ್ಚಳಗಳ ಯಜಮಾನ ಯಾರು? ಸುತ್ತ ನೋಡಿದ. ನಾಯಿ ಬಿಟ್ಟರೆ ಯಾರೂ ಇಲ್ಲ.

"ತಗೊಳ್ಳಲಾ?" ಅಂತ ಕೇಳಿದ.

ನಾಯಿ ಒಂದು ಕಿವಿ ಎತ್ತಿತು. ಮತ್ತೆ ಇಳಿಸಿತು. ಚಿಕ್ಕೀರ ಎದುರಿಗೆ ಕುಕ್ಕರಗಾಲಲ್ಲಿ ಕೂತ. ಬಿಸಿಲು ಇಳಿಯಿತು. ಬರಿಗೈಯಲ್ಲಿ ಮನೆಗೆ ಬಂದ.

"ಎಲ್ಲೋ ಮುಚ್ಚಳ?"

"ಹೂಂ ಅನ್ನಲಿಲ್ಲ ಅವ್ವ. ಉಹೂಂ ಅಂತಲೂ ಅನ್ನಲಿಲ್ಲ. ನಾಳೆ ಹೋಗಿ ಇನ್ನೊಂದು ಸಲ ಕೇಳ್ತೀನಿ."

ಯಾರು ಅಂತ ಕೇಳಿ, ನಾಯಿ ಅಂತ ತಿಳಿದ ಮೇಲೆ ದ್ಯಾವಮ್ಮ ಹಣೆ ಹಣೆ ಚಚ್ಚಿಕೊಂಡಳು.

"ನೆಲದ ಮೇಲೆ ಬಿಸಾಡಿದ್ದಕ್ಕೆ ಯಜಮಾನ ಇಲ್ಲ ಕಣೋ. ಕೇಳೋ ಹಂಗಿಲ್ಲ, ಕಾಯೋ ಹಂಗಿಲ್ಲ. ಆರಿಸಿಕೋ. ಕೆರೇಲಿ ಹಾಕಿ ಚೆನ್ನಾಗಿ ಉಜ್ಜಿ ತೊಳಿ. ತಾ."

"ಹಂಗೇ ಆಗಲಿ ಅವ್ವ."

ಮಾರನೇ ದಿನ ಮುಚ್ಚಳ ಬಂದವು. ಉಜ್ಜಿ ಉಜ್ಜಿ ಬೆಳ್ಳಿ ಆಗಿದ್ದವು. ದ್ಯಾವಮ್ಮನಿಗೆ ಖುಷಿಯಾಯಿತು. ಆ ಖುಷಿಯಲ್ಲಿ ಇನ್ನೊಂದು ಕೆಲಸ ಹೇಳಿದಳು.

"ಛತ್ರದಲ್ಲಿ ಲಗ್ನಪತ್ರಿಕೆ ಬಿದ್ದಿರುತ್ತವೆ. ಚಿನ್ನದ ಅಕ್ಷರ ಇರೋವು. ತಾ, ಗಿಳಿ ಕತ್ತರಿಸ್ತೀನಿ."

ನೆಲದ ಮೇಲೆ ಬಿದ್ದಿದ್ದವು. ಯಾರನ್ನೂ ಕೇಳಲಿಲ್ಲ, ಆರಿಸಿಕೊಂಡ. ಕೆರೆಗೆ ಹೋದ. ಕಲ್ಲಿನ ಮೇಲೆ ಹಾಕಿ ಚೆನ್ನಾಗಿ ಉಜ್ಜಿದ. ಮೊದಲು ವರನ ಹೆಸರು ಹೋಯಿತು, ಆಮೇಲೆ ವಧುವಿನದು. ಮುಹೂರ್ತ ತೇಲಿಕೊಂಡು ಹೋಯಿತು. ಇದು ಏನಾಗುತ್ತೆ ಅಂತ ಚಿಕ್ಕೀರನಿಗೆ ಕುತೂಹಲ. ಇನ್ನಷ್ಟು ಉಜ್ಜಿದ. ಕೊನೆಗೆ ಒಂದು ಮುದ್ದೆ ಉಳಿಯಿತು. ತಂದು ತಾಯಿಯ ಮುಂದಿಟ್ಟ.

"ಏನೋ ಇದು? ಯಾರ ಮನೆ ಹಿಟ್ಟು?"

"ಲಗ್ನಪತ್ರಿಕೆ ಅವ್ವ. ತೊಳೆದಿದ್ದೀನಿ."

ದ್ಯಾವಮ್ಮ ಮುದ್ದೆಯನ್ನು ಬೆರಳಲ್ಲಿ ಒತ್ತಿ ನೋಡಿದಳು. ನಡುನಡುವೆ ಚಿನ್ನದ ಚೂರು ಮಿಂಚುತ್ತಿತ್ತು. ಎದ್ದು ಹೋಗಿ ಮೆಂತ್ಯ ರುಬ್ಬಿ ತಂದು ಕಲಸಿದಳು. ಕಾಗದ ಅರೆದು ಪುಟ್ಟಿ, ಬುಟ್ಟಿ ಮಾಡುವ ಹದ ಅದು. ಅದರಲ್ಲೇ ಒಂದೊಂದಾಗಿ ಗಿಳಿ ತಿದ್ದಿ ಮಣೆಯ ಮೇಲೆ ಸಾಲಾಗಿ ಇಟ್ಟಳು. ಇನ್ನೊಂದು ಕಡೆ ಧಾರೆ ಸೀರೆಯ ಅಂಚನ್ನು ರಟ್ಟಿಗೆ ಅಂಟಿಸಿ, ಮೇಲೆ ರುಬ್ಬುಗುಂಡು ಇಟ್ಟಳು.

"ಗುಂಡು ಯಾಕವ್ವ?"

"ಅಂಟು ಹಸಿ ಇದ್ದಾಗ ಭಾರ ಇಡಬೇಕು ಕಣೋ. ಇಲ್ಲದಿದ್ದರೆ ಬಿಟ್ಟುಕೊಳ್ಳುತ್ತೆ. ಒಣಗೋ ತನಕ ಅಲುಗಾಡಬಾರದು."

ಅವಳು ನೀರಿಗೆ ಹೋದಳು. ಚಿಕ್ಕೀರ ಗಿಳಿ ಮುಟ್ಟಿ ನೋಡಿದ. ಹಸಿ. ಹೇಳಿದ ಮಾತು ಮೀರುವವನಲ್ಲ. ಗುಂಡು ಎತ್ತಿ ತಂದು ಗಿಳಿಯ ಮೇಲೆ ಇಟ್ಟ. ಒಂದು ಸಾಲು ಆದ ಮೇಲೆ ಇನ್ನೊಂದು ಸಾಲು.

ತಾಯಿ ಬಂದು ನೋಡಿದರೆ ಗಿಳಿಗಳೆಲ್ಲ ಚಪ್ಪಟೆ. ಕೊಕ್ಕೂ ಇಲ್ಲ, ರೆಕ್ಕೆಯೂ ಇಲ್ಲ. ಬಾಲ ಮಾತ್ರ ಚೂಪಾಗಿ ಉಳಿದಿತ್ತು.

"ಅಯ್ಯೋ ನಿನ್ನ ಕೈ ಸೇದಿಹೋಗ. ಭಾರ ಇಡೋದು ಗಿಳಿಗಲ್ಲವೋ. ಎರಡನ್ನ ಸೇರಿಸಿ ಒಂದು ಮಾಡಿರ್ತೀವಲ್ಲ, ಅದಕ್ಕೆ. ಎರಡು ಸೇರಿದ್ದು ಹಸಿ ಇದ್ದರೆ ಮಾತ್ರ. ತಿಳೀತಾ?"

"ಎರಡು ಸೇರಿ ಹಸಿ ಇದ್ದರೆ ಮಾತ್ರ. ತಿಳೀತು ಅವ್ವ." ಸ್ವಲ್ಪ ಹೊತ್ತು ನೋಡಿ ಅಂದ, "ಇವು ಮಾವಿನೆಲೆ ಆಗಿದಾವೆ ಅವ್ವ."

ಹೌದಲ್ಲ, ಮಾವಿನೆಲೆಯೇ. ಉದ್ದಕ್ಕೆ, ತುದಿ ಚೂಪು. ತೋರಣಕ್ಕೆ ಗಿಳಿಗಿಂತ ಮಾವಿನೆಲೆಯೇ ಲಕ್ಷಣ. ದ್ಯಾವಮ್ಮ ಬೈಗುಳ ಅರ್ಧಕ್ಕೆ ನುಂಗಿ, ಹಸಿರು ಬಣ್ಣ ಕಲಸಿದಳು.

ಸೀಮಂತದ ದಿನಕ್ಕೆ ತೋರಣ ಸಿದ್ಧವಾಯಿತು. ಮೇಲೆ ಜರಿ ಅಂಚು, ನಡುವೆ ಮುಚ್ಚಳದ ಹೂವು, ಕೆಳಗೆ ಚಿನ್ನದ ಚುಕ್ಕಿಯ ಮಾವಿನೆಲೆ. ಹಿತ್ತಾಳೆ ತಟ್ಟೆಯಲ್ಲಿ ಇಟ್ಟು, ಕುಂಕುಮ ಇಟ್ಟು, ಮಗನ ಕೈಗೆ ಕೊಟ್ಟಳು.

"ದೊಡ್ಡವ್ವನಿಗೆ ಕೊಡು. ಇನ್ನೇನೂ ಮಾಡಬೇಡ. ಒಂದು ಮಾತು ನೆನಪಿಟ್ಟುಕೋ. ಶುಭದ ಮನೆಯಿಂದ ಖಾಲಿ ತಟ್ಟೆ ತರಬಾರದು. ಸಕ್ಕರೆಯೋ ಅಕ್ಕಿಯೋ ಏನಾದರೂ ಹಾಕಿಕೊಡ್ತಾರೆ. ಖಾಲಿ ತಟ್ಟೆ ತಂದೆಯೋ, ಒಳಗೆ ಬರಬೇಡ."

"ಹಂಗೇ ಆಗಲಿ ಅವ್ವ."

ಹೋದ. ಕೊಟ್ಟ. ಲಕ್ಕಮ್ಮ ಮುಖ ಗಂಟು ಹಾಕಿಕೊಂಡೇ ತಗೊಂಡಳು. ಅಂಚು ನೋಡಿದಳು. ಬೆರಳಲ್ಲಿ ಸವರಿ ಮತ್ತೆ ನೋಡಿದಳು. ಚೆಲುವಿ ಒಳಗಿಂದ ಬಂದು, "ಚಿಕ್ಕವ್ವ ಮಾಡಿದ್ದಾ?" ಅಂತ ಕಸಿದುಕೊಂಡು ಬಾಗಿಲಿಗೆ ಕಟ್ಟಿಸಿದಳು. ಲಕ್ಕಮ್ಮ ತಟ್ಟೆಗೆ ಹಾಕಲು ಸಕ್ಕರೆ ತರಲು ಒಳಗೆ ಹೋದಳು.

ಚಿಕ್ಕೀರ ಕೈಯಲ್ಲಿದ್ದ ತಟ್ಟೆ ನೋಡಿದ. ಖಾಲಿ.

ಬಾಗಿಲ ಕಡೆ ನೋಡಿದ. ತೋರಣ ಬಿಚ್ಚಿದ. ತಟ್ಟೆಯಲ್ಲಿ ಇಟ್ಟುಕೊಂಡು ಮನೆಗೆ ಬಂದ.

ದ್ಯಾವಮ್ಮ ಹೊಸ್ತಿಲ ಒಳಗೆ ನಿಂತು ಕಾಯುತ್ತಿದ್ದಳು. ಮಗ ಬಂದ. ಅವನ ಕೈಯಲ್ಲಿ ತಟ್ಟೆ. ತಟ್ಟೆಯಲ್ಲಿ ತೋರಣ.

"ಖಾಲಿ ತಂದಿಲ್ಲ ಅವ್ವ" ಅಂದ ಚಿಕ್ಕೀರ.

ಅವಳು ಬೈಯಲಿಲ್ಲ. ಕಂಬ ಹಿಡಿದು ಕೆಳಗೆ ಕೂತಳು. "ವಾಪಸ್ ಕಳಿಸಿದಳಾ? ಆಯಿತು ಬಿಡು. ಮುಗೀತು."

ಯಾಕೆ ಬೈಯಲಿಲ್ಲ? ಚಿಕ್ಕೀರನಿಗೆ ತಿಳಿಯಲಿಲ್ಲ. ಕೇಳೋಣ ಅನ್ನುವಷ್ಟರಲ್ಲಿ ಬೀದಿಯಲ್ಲಿ ದಡದಡ ಸದ್ದಾಯಿತು. ಲಕ್ಕಮ್ಮ. ಒಂದು ಕೈಯಲ್ಲಿ ಸಕ್ಕರೆ ಬಟ್ಟಲು, ಇನ್ನೊಂದು ಕೈಯಲ್ಲಿ ಎತ್ತಿ ಹಿಡಿದ ನೆರಿಗೆ.

"ಎಲ್ಲಿ ಅವನು? ಕಟ್ಟಿದ ತೋರಣ ಬಿಚ್ಚಿಕೊಂಡು ಬರ್ತಾನಲ್ಲೇ. ಕೊಟ್ಟಿದ್ದನ್ನ ಕಿತ್ತುಕೊಳ್ಳೋದು ಯಾವ ಊರಿನ ಪದ್ಧತಿನೇ ದ್ಯಾವಿ? ಬಸುರಿ ಹೆಂಗಸಿನ ಬಾಗಿಲು ಬೋಳಾಗಿದೆ. ತಾ ಇಲ್ಲಿ."

ಒಳಗೆ ಬಂದು ತಟ್ಟೆ ಕಸಿದುಕೊಂಡಳು. ಆಮೇಲೆ ಕಾಲ ಕಡೆ ನೋಡಿಕೊಂಡಳು. ಹೊಸ್ತಿಲು ಹಿಂದೆ ಉಳಿದಿತ್ತು.

ದ್ಯಾವಮ್ಮ ಮೆಲ್ಲಗೆ ಎದ್ದಳು. "ಅಕ್ಕ."

"ಅಕ್ಕ ಅಂತೆ. ನಿನ್ನ ಧಾರೆ ಸೀರೆ ಅಂಚಲ್ಲವೇನೇ ಇದು? ಅದನ್ನ ಯಾಕೇ ಕತ್ತರಿಸಿದೆ, ಹಾಳಾದವಳೆ?"

"ತಿಪ್ಪೆಯದಲ್ಲ ಅಂತ ನಿನಗೆ ಗೊತ್ತಾಗಲಿ ಅಂತ."

ಲಕ್ಕಮ್ಮ ಸಕ್ಕರೆ ಬಟ್ಟಲು ಕೆಳಗಿಟ್ಟಳು. ತಂಗಿಯನ್ನು ತಬ್ಬಿಕೊಂಡಳು. ಅಕ್ಕ ಅತ್ತಳು, ತಂಗಿ ಅತ್ತಳು. ಇಬ್ಬರ ಕೆನ್ನೆಯೂ ತೊಯ್ದುಹೋಯಿತು.

ಚಿಕ್ಕೀರ ಹತ್ತಿರ ಬಂದು ಬಗ್ಗಿ ನೋಡಿದ. ಎರಡು ಸೇರಿ ಒಂದಾಗಿದೆ. ಕೆನ್ನೆಗೆ ಬೆರಳಿಟ್ಟು ನೋಡಿದ. ಹಸಿ.

ಹೇಳಿದ ಮಾತು ಮೀರುವವನಲ್ಲ.

ಒಳಗಿಂದ ಏದುಸಿರು ಕೇಳಿ ಅಕ್ಕತಂಗಿ ತಲೆ ಎತ್ತಿದರು. ಚಿಕ್ಕೀರ ರುಬ್ಬುಗುಂಡನ್ನು ಎದೆಗವಚಿಕೊಂಡು ಬರುತ್ತಿದ್ದ.

"ಅಲುಗಾಡಬೇಡಿ" ಅಂದ. "ಒಣಗೋ ತನಕ ಹಂಗೇ ಇರಿ."

ಇಬ್ಬರೂ ಹೊಸ್ತಿಲು ದಾಟಿ ಬೀದಿಗೆ ಹಾರಿದರು. ಲಕ್ಕಮ್ಮನ ಕೈಯಲ್ಲಿ ತಟ್ಟೆ, ದ್ಯಾವಮ್ಮನ ಕೈಯಲ್ಲಿ ಲಕ್ಕಮ್ಮ. ಸೀಮಂತದ ಮನೆ ಮುಟ್ಟುವ ತನಕ ನಿಲ್ಲಲಿಲ್ಲ. ಗುಂಡು ಹೊತ್ತುಕೊಂಡು ಚಿಕ್ಕೀರ ಹಿಂದೆಯೇ ಹೋದ. ಅವರು ಇನ್ನೂ ಒಣಗಿರಲಿಲ್ಲ.