ಟರ್ಬೊದ ಸಿಳ್ಳೆ

ಚಾರ್ಮಾಡಿ ಘಾಟಿ ಹತ್ತುತ್ತಿದ್ದ ಪುಟ್ಟ ಪೆಟ್ರೋಲ್ ಕಾರಿನೊಳಗೆ, ಇಂಜಿನ್ನಿಗೆ ಗಾಳಿ ತುಂಬುವ ಟರ್ಬೊವನ್ನು ಹಿಡಿಯುವವರೇ ಇರಲಿಲ್ಲ. ಇಂಜಿನ್ ಉಗುಳುವ ಹೊಗೆಯ ರಭಸಕ್ಕೆ ಬುಗುರಿಯಂತೆ ಸುತ್ತುತ್ತ, ದೊಡ್ಡ ದೊಡ್ಡ ಕಾರುಗಳನ್ನು ಹಿಂದೆ ಹಾಕಿದ ಅಮಲಿನಲ್ಲಿ ಅದು ಕೆಂಡದಂತೆ ಕಾದಿತ್ತು.

"ತಮ್ಮಾ, ಘಾಟಿಯ ತುದಿ ಬಂತು, ವೇಗ ಇಳಿಸು," ಎಂದಿತು ಅದರ ಅಚ್ಚನ್ನು ತಣ್ಣಗಿಡುತ್ತಿದ್ದ ಎಣ್ಣೆ. "ಇಂಜಿನ್ ನಿಂತರೆ ನಾನು ನಿನ್ನ ಬಳಿ ಇರಲಾರೆ."

"ಹೋಗಣ್ಣ, ಧಾರಾಳವಾಗಿ ಹೋಗು. ನಿನ್ನ ಕೈ ಹಿಡಿದು ತಿರುಗುವುದಕ್ಕೆ ನಾನೇನು ಮಗುವೇ?"

ಅಷ್ಟರಲ್ಲಿ ಕಾರಿನ ಮಾಲೀಕನ ಮೂಗಿಗೆ ಬೋಂಡಾದ ವಾಸನೆ ಬಡಿಯಿತು. ಗಕ್ಕನೆ ನಿಲ್ಲಿಸಿ, ಕೀಲಿ ತಿರುಗಿಸಿ, ಇಳಿದೇ ಬಿಟ್ಟ. ಇಂಜಿನ್ ನಿಂತಿತು. ಎಣ್ಣೆ ಸರ್ರನೆ ಕೆಳಗಿನ ತೊಟ್ಟಿಗೆ ಇಳಿಯಿತು. ಟರ್ಬೊ ಮಾತ್ರ ಒಣ ಅಚ್ಚಿನ ಮೇಲೆ ಇನ್ನೂ ಸುತ್ತುತ್ತಲೇ ಇತ್ತು.

"ಅಣ್ಣಾ, ಸುಡುತ್ತಿದೆ, ಬೇಗ ಬಾರೋ."

"ಇಂಜಿನ್ ಏಳದೆ ನಾನು ಮೇಲೇಳಲಾರೆನಪ್ಪ," ಎಂದಿತು ಎಣ್ಣೆ ಕೆಳಗಿನಿಂದ. "ಅವನು ತಿಂದು ಬರಲಿ, ತಾಳು."

ಮಾಲೀಕ ಇನ್ನೊಂದು ಪ್ಲೇಟ್ ಹೇಳಿದ.

ಅಂದಿನಿಂದ ಏರು ಬಂದಾಗಲೆಲ್ಲ ಟರ್ಬೊ ಸವೆದ ಅಚ್ಚಿನ ಮೇಲೆ ಸಿಳ್ಳೆ ಹಾಕುತ್ತದೆ. ಖುಷಿಗೆ ಹಾಡುತ್ತಿದೆ ಎಂದುಕೊಂಡು ಮಾಲೀಕ ಆಕ್ಸಿಲರೇಟರನ್ನು ಇನ್ನಷ್ಟು ಒತ್ತುತ್ತಾನೆ. ಅದು ಅಣ್ಣನನ್ನು ಕರೆಯುತ್ತಿರುವುದೆಂದು ಎಣ್ಣೆಗೆ ಮಾತ್ರ ಗೊತ್ತು.