ಕಲ್ಲುಕುಂಟೆಯಲ್ಲಿ ಮಿಕ್ಕ ನೀರು

ಬೆಳಗಿನ ಹನ್ನೊಂದು ಗಂಟೆ. ಮೋಡವಿಲ್ಲದ ಆಕಾಶ, ಬಿಸಿಗಾಳಿ. ಸ್ಥಳ, ಕಲ್ಲುಕುಂಟೆಯ ಪಂಚಾಯಿತಿ ಸಭಾಂಗಣ. ಹಾಜರಿದ್ದವರು: ಅಂತರ್ಜಲ ಅಧಿಕಾರಿ ವಾಸಂತಿ, ನೀರಿನ ಬಾಟಲಿ ಕಾರ್ಖಾನೆಯ ವಕೀಲರು, ಊರಿನ ದ್ರಾಕ್ಷಿ ಬೆಳೆಗಾರರು. ಮುಂದಿನ ಸಾಲಿನಲ್ಲಿ ಬೆಳೆಗಾರರ ಮುಖಂಡ ಪಿಳ್ಳಪ್ಪ.

ಊರಂಚಿನಲ್ಲಿ ಆಳವಾದ ಕೊಳವೆಬಾವಿಗಳನ್ನು ಕೊರೆಯಲು ಕಾರ್ಖಾನೆಯು ಪರವಾನಗಿ ಪಡೆದಿತ್ತು. ಅವು ನೀರೆತ್ತತೊಡಗಿದರೆ ಊರಿನ ಬಾವಿಗಳು ಬತ್ತುವುದು ಖಚಿತ. ಪರವಾನಗಿಯನ್ನು ರದ್ದುಪಡಿಸಬೇಕೆಂದು ಕೇಳಿಕೊಂಡವನು ಪಿಳ್ಳಪ್ಪನೇ.

"ನಮ್ಮ ನೀರು ನಮಗೇ ಸಾಲದು ಮೇಡಂ," ಎಂದು ಎದ್ದು ನಿಂತ.

"ಸಾಲುತ್ತದೆಂದು ಹೇಳಿದವರು ನೀವೇ," ಎಂದರು ಅಧಿಕಾರಿ. "ನಿಮ್ಮ ಬಾವಿಗಳ ಮೀಟರುಗಳು ತೋರಿಸಿದ್ದನ್ನು ಕೂಡಿಸಿ ಊರಿನ ಬಳಕೆಯನ್ನು ಅಂದಾಜು ಮಾಡಿದೆವು. ಅರ್ಧದಷ್ಟು ನೀರು ನೆಲದೊಳಗೇ ಮಿಗುತ್ತಿದೆ. ಮಿಕ್ಕಿದ್ದನ್ನು ಕಾರ್ಖಾನೆಗೆ ಕೊಟ್ಟಿದ್ದೇವೆ."

ಮಿತಿ ಮೀರಿ ನೀರೆತ್ತಿದವನಿಗೆ ದಂಡ, ಅದರ ಮೇಲೆ ಅವನ ಬಾವಿಯ ಪರವಾನಗಿ ರದ್ದು ಎಂಬ ನಿಯಮ ಬಂದಾಗ ಉಪಾಯ ಹೂಡಿದವನು ಪಿಳ್ಳಪ್ಪನೇ. ನೀರು ಮೀಟರನ್ನು ಮುಟ್ಟುವ ಮೊದಲೇ ಮಣ್ಣಿನೊಳಗೊಂದು ಕಳ್ಳ ಪೈಪು ಕವಲೊಡೆಸುವುದನ್ನು ಅವನು ಊರಿಗೆಲ್ಲ ಕಲಿಸಿದ್ದ. ತೋಟಗಳು ಕಳ್ಳ ಪೈಪಿನಲ್ಲಿ ಕುಡಿದವು; ಮೀಟರುಗಳು ತೂಕಡಿಸಿದವು. ಒಪ್ಪದವಳು ಹೂದೋಟದ ಗೌರಕ್ಕ ಒಬ್ಬಳೇ. ಅವಳನ್ನು ಊರು 'ಸರ್ಕಾರದ ಸೊಸೆ' ಎಂದು ಆಡಿಕೊಂಡು ನಕ್ಕಿತ್ತು.

ಈಗ ಗೌರಕ್ಕ ಬಾಗಿಲ ಬಳಿಯಿಂದಲೇ ಕೇಳಿದಳು: "ಪಿಳ್ಳಪ್ಪಣ್ಣ, ಇಷ್ಟು ವರ್ಷ ನಿನ್ನ ದ್ರಾಕ್ಷಿ ಗಾಳಿ ಕುಡ್ಕೊಂಡು ಹಣ್ಣಾಯ್ತಾ? ಬಾಯ್ಬಿಟ್ಟು ಹೇಳಣ್ಣ. ನೀನು ಸುಮ್ಮನಾದ್ರೆ ನಿನ್ನ ಬೋರಿನ ಜೊತೆ ನನ್ನದೂ ಬತ್ತೋಗ್ತದೆ."

ಯಾರೂ ನಗಲಿಲ್ಲ.

ಅಧಿಕಾರಿ ನಿಯಮವನ್ನು ವಿವರಿಸಿದರು. "ಅಳತೆ ಸುಳ್ಳೆಂದು ಆಯಾ ಬಾವಿಯ ಒಡೆಯರೇ ಹೇಳಬೇಕು; ಬೇರೆಯವರ ಮಾತು ನಡೆಯದು. ಒಬ್ಬರು ಹೇಳಿದರೂ ಸಾಕು, ಕಾರ್ಖಾನೆಯನ್ನು ಇಂದೇ ತಡೆದು ಮರು ಅಳತೆ ಮಾಡಿಸುತ್ತೇನೆ. ಹೇಳಿದವರಿಗೆ ದಂಡವೂ ತಪ್ಪದು, ಬಾವಿಯ ಪರವಾನಗಿ ರದ್ದಾಗುವುದೂ ತಪ್ಪದು. ಪಿಳ್ಳಪ್ಪನವರೇ, ನಿಮ್ಮ ಮೀಟರು ತೋರಿಸಿದ್ದು ನಿಜವೋ, ಸುಳ್ಳೋ?"

ಪಿಳ್ಳಪ್ಪ ಹಿಂದಕ್ಕೆ ತಿರುಗಿ ನೋಡಿದ. ಅವನಿಂದ ಕಲಿತವರೆಲ್ಲರೂ ನೆಲ ನೋಡುತ್ತಿದ್ದರು. ಮೊದಲು ಬಾಯಿಬಿಟ್ಟವನ ತೋಟವೇ ಮೊದಲು ಒಣಗುತ್ತದೆ, ಬೇರೆ ಯಾರಾದರೂ ಹೇಳಲಿ, ಎಂದು ಅವನು ಎಣಿಸಿದ. ನೆಲ ನೋಡುತ್ತಿದ್ದವರೂ ಅದನ್ನೇ ಎಣಿಸುತ್ತಿದ್ದರು.

"ನಿಜವೇ ಮೇಡಂ," ಎಂದ.

"ಥೂ!" ಎಂದಳು ಗೌರಕ್ಕ. ಸೆರಗು ಹೊದ್ದು ಬಿಸಿಲಿಗೆ ಇಳಿದು ನಡೆದಳು.

ಅಧಿಕಾರಿ ಎದ್ದು, ಎಲ್ಲರಿಗೂ ಕೇಳುವಂತೆ ತೀರ್ಪು ನೀಡಿದರು: "ಕಲ್ಲುಕುಂಟೆಯಲ್ಲಿ ನೀರು ಮಿಗುತ್ತಿದೆ. ಇದು ಊರಿನವರದೇ ಹೇಳಿಕೆ. ಕಾರ್ಖಾನೆಯ ಪರವಾನಗಿ ಊರ್ಜಿತ."

ನೀತಿ: ಅಳತೆಗೆ ಸುಳ್ಳು ಹೇಳಿಸಿದವನು, ನ್ಯಾಯ ಕೇಳುವ ದಿನ ಆ ಸುಳ್ಳಿಗೇ ಸಾಕ್ಷಿಯಾಗಿ ನಿಲ್ಲಬೇಕಾಗುತ್ತದೆ. ಅದರ ಶಿಕ್ಷೆಯನ್ನು ಸುಳ್ಳಾಡದವರೂ ಅನುಭವಿಸುತ್ತಾರೆ.